ಕೊಯ್ದ ಮೇಲೂ ಉಸಿರಾಡುವ ಹಣ್ಣು



ಸಂತೆಯಿಂದ ತಂದ ಚೀಲವನ್ನು ಅಮ್ಮ ಅಡುಗೆಮನೆಯಲ್ಲಿ ಬಿಚ್ಚುವಾಗ ನೀವು ಒಮ್ಮೆಯಾದರೂ ಪಕ್ಕದಲ್ಲಿ ನಿಂತು ನೋಡಿರುತ್ತೀರಿ. ಅವರು ಮೊದಲು ಮಾಡುವ ಕೆಲಸ ಯಾವುದು? ಟೊಮೆಟೊಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಮೆತ್ತಗಾದುದನ್ನು ಬೇರೆ ಇಡುತ್ತಾರೆ. ಕೊತ್ತಂಬರಿ ಕಟ್ಟು ಬಿಚ್ಚಿ ಹಳದಿ ಎಲೆಗಳನ್ನು ಆರಿಸಿ ತೆಗೆಯುತ್ತಾರೆ. ‘ಒಂದು ಕೊಳೆತರೆ ಬುಟ್ಟಿಯೆಲ್ಲ ಕೊಳೆಯುತ್ತದೆ’ ಎನ್ನುವುದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ಮಾತು. ಅದರ ಹಿಂದಿನ ಕಾರಣವನ್ನು ಪೂರ್ತಿಯಾಗಿ ತಿಳಿಯಲು ವಿಜ್ಞಾನಿಗಳಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಬೀಜ, ಗೊಬ್ಬರ, ನೀರಾವರಿಗಳ ಚರಿತ್ರೆಯನ್ನು ನಾವು ಪಾಠಗಳಲ್ಲಿ ಓದುತ್ತೇವೆ. ಬೆಳೆ ಬೆಳೆದ ಮೇಲೆ ಏನಾಯಿತು ಎಂಬ ಚರಿತ್ರೆಯನ್ನು ಓದುವುದು ಕಡಿಮೆ. ಆದರೆ ರೈತನ ಶ್ರಮ ಸಾರ್ಥಕವಾಗುವುದು ಹಣ್ಣು ಗಿಡದಲ್ಲಿ ತೂಗಿದಾಗಲ್ಲ, ಅದು ಕೆಡದೆ, ಸತ್ವ ಕಳೆದುಕೊಳ್ಳದೆ, ರೋಗ ತಾರದೆ ಯಾರದೋ ತಟ್ಟೆ ಸೇರಿದಾಗ. ತೋಟದಿಂದ ತಟ್ಟೆಯವರೆಗಿನ ಈ ದಾರಿಯನ್ನು ಕಾಯುವ ವಿಜ್ಞಾನಕ್ಕೆ ಕೊಯ್ಲೋತ್ತರ ವಿಜ್ಞಾನ ಎಂದು ಹೆಸರು. ಅದು ಬೆಳೆದು ಬಂದ ಬಗೆಯನ್ನು ಇಲ್ಲಿ ನೋಡೋಣ.

ಹಡಗಿನಲ್ಲಿ ಕಲಿತ ಪಾಠ

ಕಥೆ ಆರಂಭವಾಗುವುದು ಸಮುದ್ರದ ಮೇಲೆ. ಹದಿನೆಂಟನೆಯ ಶತಮಾನದಲ್ಲಿ ದೂರ ಪ್ರಯಾಣದ ಹಡಗುಗಳಲ್ಲಿ ನಾವಿಕರ ಒಸಡುಗಳು ಊದಿ ರಕ್ತ ಸುರಿಯುತ್ತಿತ್ತು, ಹಳೆಯ ಗಾಯಗಳು ಮತ್ತೆ ಬಾಯಿ ತೆರೆಯುತ್ತಿದ್ದವು, ಕೊನೆಗೆ ಸಾವು ಬರುತ್ತಿತ್ತು. ಸ್ಕರ್ವಿ ಎಂಬ ಈ ರೋಗಕ್ಕೆ ಯುದ್ಧಗಳಿಗಿಂತ ಹೆಚ್ಚು ನಾವಿಕರು ಬಲಿಯಾದ ಕಾಲವಿತ್ತು.

1747ರಲ್ಲಿ ‘ಸಾಲಿಸ್‌ಬರಿ’ ಎಂಬ ಬ್ರಿಟಿಷ್ ನೌಕೆಯ ವೈದ್ಯ ಜೇಮ್ಸ್ ಲಿಂಡ್ ಒಂದು ಪ್ರಯೋಗ ಮಾಡಿದನು. ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿಗಳಾಗಿ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಔಷಧ ಕೊಟ್ಟನು. ಒಂದು ಜೋಡಿಗೆ ವಿನಿಗರ್, ಇನ್ನೊಂದಕ್ಕೆ ಸಮುದ್ರದ ನೀರು, ಮತ್ತೊಂದಕ್ಕೆ ಕಿತ್ತಳೆ ಮತ್ತು ನಿಂಬೆ, ಹೀಗೆ. ಕಿತ್ತಳೆ, ನಿಂಬೆ ತಿಂದವರು ಒಂದು ವಾರ ಕಳೆಯುವುದರೊಳಗೆ ಗಮನಾರ್ಹವಾಗಿ ಚೇತರಿಸಿಕೊಂಡರು. ಆ ಹೊತ್ತಿಗೆ ಹಡಗಿನಲ್ಲಿದ್ದ ಹಣ್ಣು ಮುಗಿದೇ ಹೋಗಿತ್ತು!

ಇಲ್ಲಿಯೇ ನಮ್ಮ ವಿಷಯ ಎದುರಾಗುತ್ತದೆ. ತಾಜಾ ಹಣ್ಣು ತಿಂಗಳುಗಟ್ಟಲೆ ಉಳಿಯುವುದಿಲ್ಲ. ಹಾಗಾದರೆ ಹಣ್ಣಿನ ಗುಣವನ್ನು ಹಡಗಿನಲ್ಲಿ ಕಾಪಾಡುವುದು ಹೇಗೆ? ರಸವನ್ನು ಕಾಯಿಸಿ ಗಟ್ಟಿಮಾಡಿ ಸೀಸೆಗಳಲ್ಲಿ ಇಡಬಹುದೆಂದು ಲಿಂಡನೇ ಸಲಹೆ ಕೊಟ್ಟನು. ಬಣ್ಣ ಉಳಿಯಿತು, ಹುಳಿ ಉಳಿಯಿತು. ಆದರೆ ರೋಗವನ್ನು ತಡೆಯುವ ಸತ್ವದ ಬಹುಭಾಗ ಶಾಖಕ್ಕೆ ನಾಶವಾಗುತ್ತಿತ್ತು. ಆ ಸತ್ವ ಯಾವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ.

1795ರಲ್ಲಿ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಹಂಚತೊಡಗಿದ ಮೇಲೆ ಸ್ಕರ್ವಿ ಹೆಚ್ಚುಕಡಿಮೆ ಮಾಯವಾಯಿತು. ಆದರೆ 1860ರ ದಶಕದಲ್ಲಿ ನೌಕಾಪಡೆ ಮೊದಲಿನ ದೊಡ್ಡ ನಿಂಬೆಯನ್ನು ಬಿಟ್ಟು, ವೆಸ್ಟ್ ಇಂಡೀಸಿನಲ್ಲಿ ಬೆಳೆದ ಲೈಮ್ ಎಂಬ ಇನ್ನೊಂದು ಜಾತಿಯ ನಿಂಬೆಯ ರಸಕ್ಕೆ ಬದಲಾಯಿಸಿಕೊಂಡಿತು. 1875ರಲ್ಲಿ ಉತ್ತರಧ್ರುವದ ಕಡೆ ಹೊರಟ ಬ್ರಿಟಿಷ್ ತಂಡದಲ್ಲಿ ಹಳೆಯ ರೋಗ ಮತ್ತೆ ಕಾಣಿಸಿಕೊಂಡಿತು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಸಂಗಡಿಗರು ಗಿನಿಯಿಲಿಗಳ ಮೇಲೆ ಪ್ರಯೋಗ ನಡೆಸಿ, ಆ ರಸ ಮೊದಲಿನದಕ್ಕಿಂತ ಬಹಳ ದುರ್ಬಲವೆಂದು ತೋರಿಸಿದರು. ಗಾಳಿ, ತಾಮ್ರ ಮತ್ತು ದೀರ್ಘ ಸಂಗ್ರಹಣೆಗಳು ಅದರಲ್ಲಿದ್ದ ಅಲ್ಪ ಸತ್ವವನ್ನೂ ಕೆಡಿಸುತ್ತವೆ.

ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್ ಗ್ಯೋರ್ಗಿ 1928ರಲ್ಲಿ ಬೇರ್ಪಡಿಸಿದ ಒಂದು ವಸ್ತುವೇ ಆ ಸತ್ವ ಎಂಬುದು 1932ರಲ್ಲಿ ಖಚಿತವಾಯಿತು. ಅದನ್ನೇ ನಾವು ಸಿ ಜೀವಸತ್ವ ಎನ್ನುತ್ತೇವೆ. ಈ ಚರಿತ್ರೆಯ ಪಾಠವನ್ನು ನೆನಪಿಡಿ: ಒಂದು ಆಹಾರ ಕೆಟ್ಟಿಲ್ಲ ಎಂದ ಮಾತ್ರಕ್ಕೆ ಅದರ ಪೋಷಕಾಂಶ ಉಳಿದಿದೆ ಎಂದರ್ಥವಲ್ಲ. ನಮ್ಮ ಮನೆಯ ಪಾಲಕ್ ಸೊಪ್ಪಿಗೂ ಇದು ಅನ್ವಯಿಸುತ್ತದೆ. ಸೊಪ್ಪು ಬಿಸಿಲಿಗೆ ಬಾಡುತ್ತಾ ಹೋದಂತೆ ಅದರ ಸಿ ಜೀವಸತ್ವವೂ ದಿನದಿನಕ್ಕೆ ಕರಗುತ್ತದೆ.

ಹಣ್ಣು ಉಸಿರಾಡುತ್ತದೆ

ಕೊಯ್ದ ಹಣ್ಣು ಸತ್ತ ವಸ್ತುವೋ ಜೀವಂತವೋ? ನಿಮ್ಮ ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ, ಅರ್ಧ ಮಂದಿ ತಪ್ಪು ಉತ್ತರ ಕೊಡುತ್ತಾರೆ. ಕೊಯ್ದ ಹಣ್ಣು ಜೀವಂತವಾಗಿಯೇ ಇರುತ್ತದೆ. ಅದು ಆಮ್ಲಜನಕವನ್ನು ಒಳಗೆ ತೆಗೆದುಕೊಳ್ಳುತ್ತದೆ, ಇಂಗಾಲದ ಡೈಆಕ್ಸೈಡನ್ನು ಹೊರಗೆ ಬಿಡುತ್ತದೆ, ಜೊತೆಗೆ ಶಾಖವನ್ನೂ ಬಿಡುತ್ತದೆ. ವ್ಯತ್ಯಾಸ ಇಷ್ಟೇ: ಗಿಡದಲ್ಲಿದ್ದಾಗ ಖರ್ಚಾದ ಸಕ್ಕರೆಯನ್ನೂ ನೀರನ್ನೂ ಗಿಡ ತುಂಬಿಕೊಡುತ್ತಿತ್ತು. ತೊಟ್ಟು ಕಳಚಿದ ಮೇಲೆ ಅದು ಕೂಡಿಟ್ಟ ಗಂಟನ್ನೇ ಕರಗಿಸಿ ಬದುಕಬೇಕು. ಸಂಪಾದನೆ ನಿಂತು ಖರ್ಚು ಮಾತ್ರ ಉಳಿದ ಮನೆಯಂತೆ.

1821ರಲ್ಲಿ ಫ್ರಾನ್ಸಿನ ಮೊಂಪೆಲ್ಯೆ ನಗರದ ಜಾಕ್ ಬೆರಾರ್ ಎಂಬ ರಸಾಯನಶಾಸ್ತ್ರಜ್ಞ ಹಣ್ಣುಗಳ ಈ ಅನಿಲ ವ್ಯವಹಾರವನ್ನು ವಿವರಿಸಿದನು. ಆಮ್ಲಜನಕವಿಲ್ಲದ ಪಾತ್ರೆಯಲ್ಲಿಟ್ಟ ಹಣ್ಣು ಮಾಗುವುದಿಲ್ಲ ಎಂಬುದನ್ನೂ ಕಂಡನು. ಫ್ರೆಂಚ್ ವಿಜ್ಞಾನ ಅಕಾಡೆಮಿ ಅವನಿಗೆ ಬಹುಮಾನ ಕೊಟ್ಟಿತು. ಆದರೆ ಆ ಜ್ಞಾನ ವ್ಯಾಪಾರಕ್ಕೆ ಇಳಿಯಲು ಇನ್ನೂ ನೂರು ವರ್ಷ ಕಾಯಬೇಕಾಯಿತು.

ಕಾಯುವಿಕೆ ಮುಗಿದದ್ದು ಮೊದಲನೆಯ ಮಹಾಯುದ್ಧದ ಸಮಯದಲ್ಲಿ. ಶತ್ರುಗಳ ಜಲಾಂತರ್ಗಾಮಿಗಳು ಆಹಾರದ ಹಡಗುಗಳನ್ನು ಮುಳುಗಿಸುತ್ತಿದ್ದಾಗ, ಇದ್ದ ಆಹಾರವನ್ನು ಕೆಡದಂತೆ ಕಾಯುವುದು ಬ್ರಿಟನ್ನಿಗೆ ಅಳಿವು ಉಳಿವಿನ ಪ್ರಶ್ನೆಯಾಯಿತು. ಕೇಂಬ್ರಿಡ್ಜಿನಲ್ಲಿ ಫ್ರಾಂಕ್ಲಿನ್ ಕಿಡ್ ಎಂಬ ಸಸ್ಯವಿಜ್ಞಾನಿ ಇದ್ದರು. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಬೀಜಗಳು ಮೊಳೆಯದೆ ಮಲಗಿಬಿಡುತ್ತವೆ ಎಂದು ಅವರು 1914ರಲ್ಲೇ ತೋರಿಸಿದ್ದರು. ಬೀಜವನ್ನು ಮಲಗಿಸುವ ಗಾಳಿ ಹಣ್ಣನ್ನೂ ಮಲಗಿಸಬಹುದಲ್ಲವೇ? ಅವರೂ ಸಿರಿಲ್ ವೆಸ್ಟ್ ಎಂಬುವರೂ ಸೇರಿ ಸೇಬಿನ ಮೇಲೆ ವರ್ಷಗಟ್ಟಲೆ ದುಡಿದರು. ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಹೆಚ್ಚಾದರೆ ಸೇಬು ನಿಧಾನವಾಗಿ ಉಸಿರಾಡಿ ಬಹುಕಾಲ ಉಳಿಯುತ್ತದೆ ಎಂದು 1927ರ ವರದಿಯಲ್ಲಿ ಸಾರಿದರು. 1929ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಮೊದಲ ವಾಣಿಜ್ಯ ಅನಿಲ ಉಗ್ರಾಣ ಆರಂಭವಾಯಿತು. ಇಂದು ಸೇಬಿನ ಇಂತಹ ಕೋಣೆಗಳಲ್ಲಿ ಗಾಳಿಯ ಶೇ. 21 ಆಮ್ಲಜನಕವನ್ನು ಸಾಮಾನ್ಯವಾಗಿ ಶೇ. 1ರಿಂದ 3ಕ್ಕೆ ಇಳಿಸುತ್ತಾರೆ. ಪೂರ್ತಿ ತೆಗೆದುಬಿಟ್ಟರೆ ಹಣ್ಣು ಉಸಿರುಕಟ್ಟಿ ಒಳಗೊಳಗೇ ಹುದುಗಿ ವಾಸನೆ ಹೊಡೆಯುತ್ತದೆ.

ಕಿಡ್ ಮತ್ತು ವೆಸ್ಟ್ ಇನ್ನೊಂದು ಸಂಗತಿಯನ್ನೂ ಗಮನಿಸಿದರು. ಮಾಗುವ ಹೊತ್ತಿಗೆ ಸೇಬಿನ ಉಸಿರಾಟ ಇದ್ದಕ್ಕಿದ್ದಂತೆ ಏರಿ, ತುತ್ತತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಮಾವು, ಬಾಳೆ, ಪರಂಗಿ, ಟೊಮೆಟೊಗಳಲ್ಲೂ ಹೀಗೆಯೇ. ಆದ್ದರಿಂದ ಇವುಗಳನ್ನು ಬಲಿತ ಕಾಯಾಗಿರುವಾಗಲೇ ಕೊಯ್ದು ಆಮೇಲೆ ಹಣ್ಣು ಮಾಡಬಹುದು. ದ್ರಾಕ್ಷಿ, ಕಿತ್ತಳೆ, ದಾಳಿಂಬೆ, ಅನಾನಸುಗಳಲ್ಲಿ ಈ ಏರಿಕೆ ಇಲ್ಲ. ಹುಳಿ ದ್ರಾಕ್ಷಿಯನ್ನು ಕೊಯ್ದು ಎಷ್ಟು ದಿನ ಇಟ್ಟರೂ ಅದು ಸಿಹಿಯಾಗದು. ಯಾವುದನ್ನು ಯಾವಾಗ ಕೊಯ್ಯಬೇಕು ಎಂಬ ರೈತನ ಪ್ರಶ್ನೆಗೆ ಅರ್ಧ ಉತ್ತರ ಈ ವಿಂಗಡಣೆಯಲ್ಲಿದೆ.

ಬೀದಿದೀಪದ ಅನಿಲ

ಈಗ ಕೊಳೆತ ಹಣ್ಣಿನ ಗಾದೆಗೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ನಗರಗಳ ಬೀದಿದೀಪಗಳು ಕಲ್ಲಿದ್ದಲ ಅನಿಲದಿಂದ ಉರಿಯುತ್ತಿದ್ದವು. ಕೊಳವೆ ಸೋರಿದ ಕಡೆ ಸಾಲುಮರಗಳು ಅಕಾಲದಲ್ಲಿ ಎಲೆ ಉದುರಿಸುತ್ತಿದ್ದವು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದಿಮಿತ್ರಿ ನೆಲ್ಯುಬೋವ್ ಎಂಬ ಯುವಕ ಪ್ರಯೋಗಾಲಯದಲ್ಲಿ ಬೆಳೆಸಿದ ಬಟಾಣಿ ಮೊಳಕೆಗಳು ನೆಟ್ಟಗೆ ಏಳದೆ ಗಿಡ್ಡವಾಗಿ, ದಪ್ಪವಾಗಿ, ಅಡ್ಡಡ್ಡ ಬೆಳೆಯುತ್ತಿದ್ದವು. ಹೊರಗಿನ ಶುದ್ಧ ಗಾಳಿಯಲ್ಲಿ ಅವೇ ಮೊಳಕೆಗಳು ಸರಿಯಾಗಿ ಬೆಳೆದವು. ದೀಪದ ಅನಿಲದಲ್ಲಿರುವ ಎಥಿಲೀನ್ ಇದಕ್ಕೆ ಕಾರಣವೆಂದು ಅವನು 1901ರಲ್ಲಿ ಪ್ರಕಟಿಸಿದನು.

ಅತ್ತ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಿಂಬೆ ಬೆಳೆಗಾರರು ಹಸಿರು ನಿಂಬೆಯನ್ನು ಸೀಮೆಎಣ್ಣೆ ಒಲೆ ಉರಿಸಿದ ಕೋಣೆಗಳಲ್ಲಿಟ್ಟು ಹಳದಿ ಮಾಡುತ್ತಿದ್ದರು. ಬಣ್ಣ ಬರುವುದು ಶಾಖದಿಂದ ಎಂದು ಎಲ್ಲರೂ ನಂಬಿದ್ದರು. ಹೊಗೆಯಿಲ್ಲದ ಬೇರೆ ವಿಧಾನದಿಂದ ಕೋಣೆ ಬಿಸಿ ಮಾಡಿದಾಗ ಮಾತ್ರ ನಿಂಬೆ ಹಸಿರಾಗಿಯೇ ಉಳಿಯಿತು! ಬಣ್ಣ ತರುತ್ತಿದ್ದುದು ಶಾಖವಲ್ಲ, ಹೊಗೆಯಲ್ಲಿದ್ದ ಎಥಿಲೀನ್ ಎಂದು 1924ರಲ್ಲಿ ಎಫ್. ಇ. ಡೆನ್ನಿ ತೋರಿಸಿದರು. ನಮ್ಮ ಹಳ್ಳಿಗಳಲ್ಲಿ ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುವ ಪದ್ಧತಿಯ ಗುಟ್ಟೂ ಇದೇ.

ಆದರೆ ಹೊಗೆಯೇ ಇಲ್ಲದೆ, ಹುಲ್ಲಿನಲ್ಲಿ ಅಡೆ ಹಾಕಿದ ಮಾವು ಹೇಗೆ ಹಣ್ಣಾಗುತ್ತದೆ? ಇದಕ್ಕೆ ಉತ್ತರ ದೊರೆತದ್ದು 1934ರಲ್ಲಿ. ಇಂಗ್ಲೆಂಡಿನ ರಿಚರ್ಡ್ ಗೇನ್ ಸುಮಾರು 27 ಕಿಲೋಗ್ರಾಂ ಸೇಬಿನ ಮೇಲೆ ನಾಲ್ಕು ವಾರ ಹಾಯಿಸಿದ ಗಾಳಿಯನ್ನು ಬ್ರೋಮಿನ್ ಮೂಲಕ ಕಳುಹಿಸಿ, ಅದರಲ್ಲಿದ್ದ ಎಥಿಲೀನನ್ನು ಹಿಡಿದು ತೋರಿಸಿದರು. ಹಣ್ಣು ತಾನೇ ಈ ಅನಿಲವನ್ನು ತಯಾರಿಸುತ್ತದೆ. ಒಂದು ಹಣ್ಣು ಮಾಗಲು ಆರಂಭಿಸಿದರೆ ಅದರ ಎಥಿಲೀನ್ ನೆರೆಯ ಕಾಯಿಗೆ ‘ನೀನೂ ಮಾಗು’ ಎಂಬ ಸೂಚನೆ ಕೊಡುತ್ತದೆ. ಗಾಯಗೊಂಡ, ಕೊಳೆಯುವ ಹಣ್ಣು ಇನ್ನೂ ಹೆಚ್ಚು ಎಥಿಲೀನ್ ಬಿಡುತ್ತದೆ, ಮೇಲಾಗಿ ಅದರ ಬೂಷ್ಟು ಪಕ್ಕದ ಹಣ್ಣಿಗೆ ಹರಡುತ್ತದೆ. ಬುಟ್ಟಿಯೆಲ್ಲ ಕೊಳೆಯುವುದು ಹೀಗೆ. ಅಡೆ ಹಾಕಿದಾಗ ಹುಲ್ಲು ಈ ಅನಿಲವನ್ನು ಹೊರಗೆ ಹೋಗಗೊಡದೆ ಕೂಡಿಹಾಕುತ್ತದೆ. ಅಜ್ಜಿಗೆ ಎಥಿಲೀನ್ ಎಂಬ ಹೆಸರು ಗೊತ್ತಿರಲಿಲ್ಲ, ಅದನ್ನು ಬಳಸುವುದು ಗೊತ್ತಿತ್ತು.

ಹಣ್ಣಿನ ಜೀವಕೋಶ ಈ ಅನಿಲವನ್ನು ಹೇಗೆ ಕಟ್ಟುತ್ತದೆ ಎಂಬ ಸರಪಳಿಯ ಮುಖ್ಯ ಕೊಂಡಿಯನ್ನು 1979ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಡಗ್ಲಸ್ ಆಡಮ್ಸ್ ಮತ್ತು ತೈವಾನ್ ಮೂಲದ ಶಾಂಗ್ ಫಾ ಯಾಂಗ್ ಕಂಡುಹಿಡಿದರು. 1990ರ ದಶಕದಲ್ಲಿ ಎಡ್ವರ್ಡ್ ಸಿಸ್ಲರ್ ಮತ್ತು ಸಿಲ್ವಿಯಾ ಬ್ಲಾಂಕೆನ್‌ಶಿಪ್ ಎಂಬ ಅಮೆರಿಕದ ವಿಜ್ಞಾನಿಗಳು ಹಣ್ಣಿನ ‘ಕಿವಿ’ಯನ್ನೇ ಮುಚ್ಚಿ ಎಥಿಲೀನ್ ಸಂದೇಶ ಕೇಳದಂತೆ ಮಾಡುವ ಒಂದು ಅನಿಲವನ್ನು ಕಂಡುಕೊಂಡರು. ಸೇಬಿನ ಉಗ್ರಾಣಗಳಲ್ಲಿ ಈಗ ಅದರ ಬಳಕೆ ವ್ಯಾಪಕವಾಗಿದೆ.

ಮೈಸೂರಿನ ಅರಮನೆಯಲ್ಲಿ

ಇದುವರೆಗಿನ ಕಥೆಯಲ್ಲಿ ಹೆಚ್ಚಾಗಿ ಸೇಬೇ ಕಾಣಿಸಿತು. ಸೇಬು ಶೀತದೇಶದ ಹಣ್ಣು, ಸೊನ್ನೆ ಡಿಗ್ರಿಯ ಹತ್ತಿರದ ಚಳಿಯಲ್ಲಿ ಹಾಯಾಗಿರುತ್ತದೆ. ಅದೇ ಪಾಠವನ್ನು ನಮ್ಮ ಬಾಳೆಗೆ ಹೇಳಿದರೆ ಏನಾಗುತ್ತದೆ? ಫ್ರಿಜ್ಜಿನಲ್ಲಿಟ್ಟ ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುವುದನ್ನು ನೀವೇ ಕಂಡಿದ್ದೀರಿ. ಬಾಳೆಯನ್ನು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಟ್ಟರೆ ಅದಕ್ಕೆ ಶೀತದ ಪೆಟ್ಟು ಬೀಳುತ್ತದೆ. ಮಾವಿನ ಕಾಯಿಗೂ ಹಸಿರು ಟೊಮೆಟೊಗೂ ಹೆಚ್ಚುಕಡಿಮೆ ಇದೇ ಮಿತಿ. ಪೆಟ್ಟು ತಿಂದ ಕಾಯಿ ಆಮೇಲೆ ಸರಿಯಾಗಿ ಹಣ್ಣಾಗುವುದಿಲ್ಲ, ರುಚಿಯೂ ಬರುವುದಿಲ್ಲ. ಹೀಗಾಗಿ ಉಷ್ಣವಲಯದ ಹಣ್ಣುಗಳ ಶಾಸ್ತ್ರವನ್ನು ಉಷ್ಣವಲಯದಲ್ಲೇ ಬರೆಯಬೇಕಿತ್ತು.

ಸ್ವತಂತ್ರ ಭಾರತ ಈ ಕೆಲಸಕ್ಕೆ ಆರಿಸಿಕೊಂಡ ಊರು ಮೈಸೂರು. ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿದ್ದ ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಆರಂಭವಾಯಿತು. ಡಾ. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಅಲ್ಲಿನ ವಿಜ್ಞಾನಿಗಳು ಮಾವು, ಬಾಳೆ, ಕಿತ್ತಳೆಗಳನ್ನು ಬೇರೆ ಬೇರೆ ಉಷ್ಣತೆಗಳಲ್ಲಿ ಇಟ್ಟು, ತೂಕ, ಸಕ್ಕರೆ, ಹುಳಿ, ಜೀವಸತ್ವಗಳನ್ನು ಅಳೆದರು. ಹಣ್ಣಿನ ಮೈಗೆ ತೆಳ್ಳನೆಯ ಮೇಣದ ಲೇಪ ಕೊಟ್ಟು, ನೀರು ಆರುವುದನ್ನೂ ಉಸಿರಾಟವನ್ನೂ ನಿಧಾನಗೊಳಿಸುವ ವಿಧಾನವನ್ನು ಬೆಳೆಸಿದರು. ಇದೇ ಸಂಸ್ಥೆಯ ಎಚ್. ಸುಬ್ರಹ್ಮಣ್ಯಂ, ಶಾಂತಾ ಕೃಷ್ಣಮೂರ್ತಿ ಮತ್ತು ಎಚ್. ಎ. ಬಿ. ಪಾರ್ಪಿಯಾ ಮಾವಿನ ಹಣ್ಣಿನ ಶರೀರಕ್ರಿಯೆಯ ಬಗ್ಗೆ 1975ರಲ್ಲಿ ಬರೆದ ದೀರ್ಘ ಸಮೀಕ್ಷೆ ಈ ವಿಷಯದ ಮುಖ್ಯ ಬರಹಗಳಲ್ಲಿ ಒಂದು.

1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿದೆ. ಸಾಗಣೆಯ ಕುಲುಕಾಟವನ್ನು ತಡೆದುಕೊಳ್ಳುವ ಗಟ್ಟಿ ಟೊಮೆಟೊ ತಳಿಗಳು ಅಲ್ಲಿಂದ ಬಂದಿವೆ. ಕೊಯ್ದ ಮಾವನ್ನು ಸುಮಾರು 52 ಡಿಗ್ರಿಯ ಬಿಸಿ ನೀರಿನಲ್ಲಿ ಕೆಲವು ನಿಮಿಷ ಅದ್ದಿ ತೆಗೆದರೆ ಕಪ್ಪು ಚುಕ್ಕೆ ರೋಗದ ಶಿಲೀಂಧ್ರ ಹತೋಟಿಗೆ ಬರುತ್ತದೆ. ಇಲ್ಲಿ ವಿಷವೂ ಇಲ್ಲ, ದುಬಾರಿ ಯಂತ್ರವೂ ಬೇಡ; ಬೇಕಾದುದು ಒಂದು ತೊಟ್ಟಿ, ಒಂದು ಉಷ್ಣಮಾಪಕ ಮತ್ತು ಗಡಿಯಾರ.

ಮಾರುಕಟ್ಟೆಯ ಕಡೆಯಿಂದಲೂ ಒಂದು ಪ್ರಯತ್ನ ನಡೆಯಿತು. ತೋಟಗಾರಿಕೆ ಇಲಾಖೆಯ ಡಾ. ಎಂ. ಎಚ್. ಮರಿಗೌಡರ ಮುಂದಾಳತನದಲ್ಲಿ 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಅದೇ ಮುಂದೆ ಹಾಪ್‌ಕಾಮ್ಸ್ ಆಯಿತು. ತೋಟದಿಂದ ಅಂಗಡಿಗೆ ಕೈಗಳು ಕಡಿಮೆಯಾದಷ್ಟೂ ಹಣ್ಣಿಗೆ ಪೆಟ್ಟೂ ಕಡಿಮೆ. ಕೊಯ್ಲೋತ್ತರ ವಿಜ್ಞಾನ ಪ್ರಯೋಗಾಲಯದಲ್ಲಿ ಮಾತ್ರ ಇಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇಟ್ಟಿಗೆ, ಮರಳು, ನೀರು

ಉಷ್ಣತೆ 10 ಡಿಗ್ರಿ ಏರಿದರೆ ಹಣ್ಣು ತರಕಾರಿಗಳ ಉಸಿರಾಟ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. ಎಂದರೆ ಮಧ್ಯಾಹ್ನದ ಬಿಸಿಲಿನಲ್ಲಿ ಲಾರಿಯ ಮೇಲೆ ನಿಂತ ಹುರುಳಿಕಾಯಿ ತನ್ನ ಆಯುಸ್ಸನ್ನು ಗಂಟೆಗಂಟೆಗೆ ಸುಟ್ಟುಕೊಳ್ಳುತ್ತದೆ. ಶೈತ್ಯಾಗಾರವಿದ್ದರೆ ಸರಿ. ಆದರೆ ಎರಡು ಎಕರೆಯ ರೈತನಿಗೆ ಶೈತ್ಯಾಗಾರ ಎಲ್ಲಿಂದ ಬರಬೇಕು?

1980ರ ದಶಕದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಸುಶಾಂತ ಕೆ. ರಾಯ್ ಮತ್ತು ಡಿ. ಎಸ್. ಖುರ್ಡಿಯಾ ಈ ಪ್ರಶ್ನೆಗೆ ಮಡಕೆಯ ನೀರಿನಿಂದ ಉತ್ತರ ಹುಡುಕಿದರು. ಇಟ್ಟಿಗೆಯ ಜೋಡಿ ಗೋಡೆ, ನಡುವೆ ಸುಮಾರು 7.5 ಸೆಂಟಿಮೀಟರ್ ಸಂದು, ಆ ಸಂದಿನಲ್ಲಿ ಮರಳು, ಮೇಲೆ ಹುಲ್ಲಿನ ಮುಚ್ಚಳ. ಬೆಳಿಗ್ಗೆ ಸಂಜೆ ಮರಳಿಗೆ ನೀರು ಹಾಕಿದರೆ ಅದು ಆವಿಯಾಗುತ್ತಾ ಒಳಗಿನ ಶಾಖವನ್ನು ಎಳೆದುಕೊಳ್ಳುತ್ತದೆ. ಕಡು ಬೇಸಿಗೆಯಲ್ಲಿ ಒಳಗೆ ಹೊರಗಿಗಿಂತ 10ರಿಂದ 15 ಡಿಗ್ರಿ ತಂಪು, ಶೇ. 90ರಷ್ಟು ತೇವ. ವಿದ್ಯುತ್ತು ಬೇಡ. ಸುಮಾರು 100 ಕಿಲೋಗ್ರಾಂ ತರಕಾರಿ ಹಿಡಿಸುತ್ತದೆ. ಒಣಹವೆಯ ಬಯಲುಸೀಮೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದ ಕರಾವಳಿಯಲ್ಲಿ ಗಾಳಿಯೇ ತೇವವಾಗಿರುವುದರಿಂದ ಅಷ್ಟು ಪ್ರಯೋಜನವಿಲ್ಲ. ಕಾರಣವನ್ನು ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ಹುಡುಕಿ.

ಅವಸರದ ಹಣ್ಣು, ಕಾಣದ ರೋಗಾಣು

ಜ್ಞಾನವಿದ್ದರೂ ಅವಸರ ದಾರಿ ತಪ್ಪಿಸುತ್ತದೆ. ಮಾವಿನ ಕಾಲದಲ್ಲಿ ‘ಕಾರ್ಬೈಡ್ ಹಣ್ಣು’ ಎಂಬ ಮಾತು ಕೇಳಿದ್ದೀರಲ್ಲವೇ? ಕ್ಯಾಲ್ಸಿಯಂ ಕಾರ್ಬೈಡ್ ತೇವ ತಗುಲಿದಾಗ ಅಸಿಟಿಲೀನ್ ಅನಿಲ ಬಿಡುತ್ತದೆ. ಅದು ಎಥಿಲೀನಿನ ದುರ್ಬಲ ಅನುಕರಣೆ. ಸಿಪ್ಪೆ ಹಳದಿಯಾಗುತ್ತದೆ, ಒಳಗೆ ಹುಳಿ ಉಳಿಯುತ್ತದೆ. ಕೈಗಾರಿಕೆಗೆ ಬಳಸುವ ಕಾರ್ಬೈಡಿನಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶಗಳು ಇರಬಹುದಾದ್ದರಿಂದ ತಿನ್ನುವವರಿಗೂ, ಬರಿಗೈಯಲ್ಲಿ ಅದನ್ನು ಮುಟ್ಟುವ ಕೂಲಿಕಾರರಿಗೂ ಅಪಾಯ. ಹಣ್ಣು ಮಾಗಿಸಲು ಅದನ್ನು ಬಳಸುವುದನ್ನು ನಮ್ಮ ಕಾನೂನು ನಿಷೇಧಿಸಿದೆ. 2011ರ ಆಹಾರ ಸುರಕ್ಷತಾ ನಿಯಮಗಳಲ್ಲೂ ನಿಷೇಧ ಮುಂದುವರಿಯಿತು. ಅದರ ಬದಲು ಮಾಗಿಸುವ ಕೋಣೆಗಳಲ್ಲಿ ಎಥಿಲೀನ್ ಅನಿಲವನ್ನು ಹತ್ತು ಸಾವಿರ ಪಾಲಿನಲ್ಲಿ ಒಂದು ಪಾಲಿನವರೆಗೆ ಬಳಸಲು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಹಣ್ಣು ತಾನೇ ತಯಾರಿಸುವ ವಸ್ತುವನ್ನೇ ಅಳತೆಯಿಂದ ಕೊಡುವುದು ಒಂದು ದಾರಿ, ಗೋದಾಮಿನ ಮೂಲೆಯಲ್ಲಿ ಪೊಟ್ಟಣ ಕಟ್ಟಿಡುವುದು ಇನ್ನೊಂದು. ವ್ಯತ್ಯಾಸ ವಿಜ್ಞಾನದ್ದು ಮಾತ್ರವಲ್ಲ, ಮನಸ್ಸಾಕ್ಷಿಯದೂ ಹೌದು.

ತಾಜಾ ಎಂಬುದು ಸುರಕ್ಷಿತ ಎಂಬುದಕ್ಕೆ ಇನ್ನೊಂದು ಹೆಸರಲ್ಲ. 2011ರಲ್ಲಿ ಅಮೆರಿಕದಲ್ಲಿ ಕರಬೂಜದ ಹಣ್ಣು ತಿಂದು 147 ಮಂದಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ಒಳಗಾದರು, 33 ಮಂದಿ ಸತ್ತರು. ತನಿಖೆ ಮಾಡಿದವರಿಗೆ ಹಣ್ಣು ಕಟ್ಟುವ ಸ್ಥಳದಲ್ಲಿ ಕಂಡದ್ದು ನಿಂತ ನೀರು, ತೊಳೆಯಲು ಕಷ್ಟವಾದ ಯಂತ್ರಗಳು. ತೋಟದ ಬಿಸಿ ಆರಿಸದೆ ನೇರವಾಗಿ ಹಣ್ಣನ್ನು ಶೈತ್ಯಾಗಾರಕ್ಕೆ ಸೇರಿಸಲಾಗಿತ್ತು. ಬಿಸಿ ಹಣ್ಣಿನ ಮೈಮೇಲೆ ನೀರು ಹನಿಗಟ್ಟುತ್ತದೆ, ಆ ಹನಿ ರೋಗಾಣುವಿಗೆ ನೆರವಾಗುತ್ತದೆ. ಈ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯಬಲ್ಲದು. ಒಂದು ಹಂತದ ತಪ್ಪಿಗೆ ಅಷ್ಟು ಜೀವಗಳು ಬೆಲೆ ತೆತ್ತವು.

ನಮ್ಮ ಸೊಪ್ಪು ಮಾರುವ ತಾಯಂದಿರು ಕಟ್ಟುಗಳ ಮೇಲೆ ಒದ್ದೆ ಗೋಣಿ ಹೊದಿಸಿ ಆಗಾಗ ನೀರು ಚಿಮುಕಿಸುತ್ತಾರೆ. ಇದು ವಿಜ್ಞಾನ ಒಪ್ಪುವ ಕೆಲಸ. ನೀರು ಆರಿದಷ್ಟೂ ಸೊಪ್ಪಿನ ತೂಕವೂ ಸತ್ವವೂ ಇಳಿಯುತ್ತವೆ. ಆದರೆ ಆ ನೀರು ಎಲ್ಲಿಯದು? ಅದು ಶುದ್ಧವಾಗಿದ್ದರೆ ಸೊಪ್ಪಿಗೆ ಜೀವ, ಕೊಳಕಾಗಿದ್ದರೆ ತಿನ್ನುವವರಿಗೆ ರೋಗ. ಮಾರುಕಟ್ಟೆಗೊಂದು ಶುದ್ಧ ನೀರಿನ ನಲ್ಲಿ ಹಾಕಿಸುವುದೂ ಕೊಯ್ಲೋತ್ತರ ತಂತ್ರಜ್ಞಾನವೇ.

ಇನ್ನೂ ಮುಗಿಯದ ಲೆಕ್ಕ

ಇಷ್ಟೆಲ್ಲ ತಿಳಿದ ಮೇಲೆ ನಷ್ಟ ನಿಂತಿದೆಯೇ? ಲೂಧಿಯಾನದ ಕೇಂದ್ರೀಯ ಕೊಯ್ಲೋತ್ತರ ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನ ಸಂಸ್ಥೆ ದೇಶದಾದ್ಯಂತ ನಡೆಸಿದ ಅಧ್ಯಯನದ 2015ರ ವರದಿ ಹೀಗೆ ಲೆಕ್ಕ ಕೊಟ್ಟಿತು: ಸೀಬೆಹಣ್ಣಿನಲ್ಲಿ ಶೇ. 15.88, ಟೊಮೆಟೊದಲ್ಲಿ ಶೇ. 12.44, ಮಾವಿನಲ್ಲಿ ಶೇ. 9.16 ನಷ್ಟ. ನೂರು ಪೆಟ್ಟಿಗೆ ಟೊಮೆಟೊ ಬೆಳೆದರೆ ಹನ್ನೆರಡು ಪೆಟ್ಟಿಗೆ ಯಾರ ಬಾಯಿಗೂ ಸೇರಲಿಲ್ಲ ಎಂದರ್ಥ. ಆ ಹನ್ನೆರಡು ಪೆಟ್ಟಿಗೆಗೆ ಹಾಯಿಸಿದ ಕೊಳವೆಬಾವಿಯ ನೀರು, ಹಾಕಿದ ಗೊಬ್ಬರ, ಬಗ್ಗಿ ಕೊಯ್ದವರ ಬೆನ್ನುನೋವು ಎಲ್ಲವೂ ಅದರ ಜೊತೆಗೇ ಮಣ್ಣುಪಾಲು.

ಕೋಲಾರದ ಟೊಮೆಟೊ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಬೆಲೆ ಕುಸಿದಾಗ ಬೆಳೆಗಾರರು ಟೊಮೆಟೊವನ್ನು ರಸ್ತೆಗೆ ಸುರಿಯುವ ಚಿತ್ರಗಳನ್ನು ನೀವು ಪತ್ರಿಕೆಗಳಲ್ಲಿ ನೋಡಿದ್ದೀರಿ. ಪ್ರಾಮಾಣಿಕವಾಗಿ ಹೇಳಬೇಕಾದರೆ, ಆ ನಷ್ಟವನ್ನು ಎಥಿಲೀನಿನ ಶಾಸ್ತ್ರವೊಂದೇ ತಪ್ಪಿಸಲಾರದು. ಎಲ್ಲರೂ ಒಂದೇ ವಾರ ಕೊಯ್ದರೆ, ಸಂಸ್ಕರಣೆಯ ಕಾರ್ಖಾನೆ ಹತ್ತಿರವಿಲ್ಲದಿದ್ದರೆ, ಬೆಲೆಯ ಭರವಸೆ ಇಲ್ಲದಿದ್ದರೆ, ಹಣ್ಣು ಎಷ್ಟು ದಿನ ಉಳಿದರೂ ರೈತ ಉಳಿಯುವುದು ಕಷ್ಟ. ಆದರೆ ಹತ್ತು ದಿನ ಕಾಯಬಲ್ಲ ಹಣ್ಣು ರೈತನಿಗೆ ಒಂದು ಶಕ್ತಿ ಕೊಡುತ್ತದೆ: ‘ಇಂದಿನ ಬೆಲೆಗೆ ಕೊಡಲಾರೆ, ನಾಳೆ ಬರುತ್ತೇನೆ’ ಎಂದು ಹೇಳುವ ಶಕ್ತಿ. ಬೇಗ ಕೊಳೆಯುವ ಸರಕಿನ ಒಡೆಯನಿಗೆ ಆ ಮಾತು ಹೇಳುವ ಧೈರ್ಯ ಇರುವುದಿಲ್ಲ. ಈ ವಿಜ್ಞಾನದ ನಿಜವಾದ ಬೆಲೆ ಅಲ್ಲಿದೆ.

ನೀವೇ ಮಾಡಿ ನೋಡಿ

ಒಂದೇ ಗಾತ್ರದ ನಾಲ್ಕು ಹಸಿರು ಟೊಮೆಟೊ ತೆಗೆದುಕೊಳ್ಳಿ. ಎರಡನ್ನು ಒಂದು ಕಾಗದದ ಚೀಲದಲ್ಲಿ ಹಾಗೆಯೇ ಇಡಿ. ಇನ್ನೆರಡನ್ನು ಒಂದು ಕಳಿತ ಬಾಳೆಹಣ್ಣಿನ ಜೊತೆ ಇನ್ನೊಂದು ಚೀಲದಲ್ಲಿಟ್ಟು ಬಾಯಿ ಮಡಿಸಿ. ದಿನವೂ ಒಂದೇ ಹೊತ್ತಿಗೆ ತೆರೆದು ಬಣ್ಣ ಬರೆದಿಡಿ. ಹಾಗೆಯೇ ಎರಡು ಕಟ್ಟು ಕೊತ್ತಂಬರಿ ತಂದು, ಒಂದನ್ನು ಬಯಲಿನಲ್ಲಿ, ಇನ್ನೊಂದನ್ನು ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ ಇಡಿ. ಬೆಳಿಗ್ಗೆ ಸಂಜೆ ಕಟ್ಟುಗಳನ್ನು ತೂಗಿ ನೋಡಿ. ಒಂದು ವಾರದಲ್ಲಿ ನಿಮ್ಮ ಪುಸ್ತಕದಲ್ಲಿ ಮೂಡುವ ಅಂಕಿಗಳು ನೆಲ್ಯುಬೋವ್, ಡೆನ್ನಿ, ಗೇನರ ಕೆಲಸವನ್ನು ನಿಮಗೆ ಹತ್ತಿರ ತರುತ್ತವೆ.

ಆಮೇಲೆ ಒಂದು ಸಂತೆಯ ದಿನ, ಅಂಗಡಿಗಳು ಎದ್ದ ಮೇಲೆ, ಮೈದಾನದಲ್ಲಿ ಒಮ್ಮೆ ನಡೆದು ಬನ್ನಿ. ನೆಲದ ಮೇಲೆ ಬಿದ್ದಿರುವ ಎಲೆಕೋಸಿನ ಎಲೆ, ಜಜ್ಜಿಹೋದ ಟೊಮೆಟೊ, ಬಾಡಿದ ಸೊಪ್ಪನ್ನು ನೋಡಿ. ಪ್ರತಿಯೊಂದನ್ನೂ ಎತ್ತಿ ಕೇಳಿಕೊಳ್ಳಿ: ಇದು ಎಲ್ಲಿ ಪೆಟ್ಟು ತಿಂದಿತು? ಕೊಯ್ಯುವಾಗಲೋ, ತುಂಬುವಾಗಲೋ, ಲಾರಿಯಲ್ಲೋ, ಬಿಸಿಲಲ್ಲೋ? ಇನ್ನೂರು ವರ್ಷಗಳಿಂದ ವಿಜ್ಞಾನಿಗಳು ಕೇಳುತ್ತಾ ಬಂದ ಪ್ರಶ್ನೆ ಇದೇ. ನಿಮ್ಮೂರಿನ ಸಂತೆಗೆ ಅದರ ಉತ್ತರ ಹುಡುಕುವ ಕೆಲಸ ನಿಮಗಾಗಿ ಕಾದಿದೆ.